ಚಿತ್ತಾರಗಿತ್ತಿಯ ಬದುಕು ಮತ್ತು ಗೆರೆ

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಅಡಿಯಲ್ಲಿ ಕೆತ್ತಿದವರ ಹೆಸರುಗಳಿವೆ. ಅವುಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಸೇರಿವೆ. ಬಳ್ಳಿಗಾವೆ ಈಗಿನ ಶಿಕಾರಿಪುರ ತಾಲ್ಲೂಕಿನ ಊರು. ಅಲ್ಲಿಗೆ ಹತ್ತಿರದಲ್ಲೇ ಇರುವ ತಾಳಗುಂದದ ಸ್ತಂಭಶಾಸನದಲ್ಲಿ ಕುಬ್ಜನೆಂಬ ಕವಿ ತನ್ನ ಹೆಸರನ್ನು ತಾನೇ ಹೇಳಿಕೊಂಡಿದ್ದಾನೆ. ತಮ್ಮ ಕೆಲಸಕ್ಕೆ ಹೆಸರು ಹಾಕುವ ರೂಢಿ ಈ ಸೀಮೆಯ ಕಲಾವಿದರಿಗೆ ಅಷ್ಟು ಹಿಂದಿನಿಂದಲೂ ಇತ್ತು. ಇದೇ ಶಿಕಾರಿಪುರ, ಸೊರಬ, ಪಕ್ಕದ ಸಾಗರ, ಸಿದ್ದಾಪುರಗಳ ಹಳ್ಳಿಗಳಲ್ಲಿ ತಲೆತಲಾಂತರದಿಂದ ಗೋಡೆಯ ಮೇಲೆ ಚಿತ್ರ ಬರೆದ ದೀವರ ಹೆಂಗಸರದು ಮಾತ್ರ ಒಂದು ಹೆಸರೂ ಉಳಿದಿಲ್ಲ. ಉಳಿದಿರುವುದು ಚಿತ್ತಾರ. ಬರೆದವಳನ್ನು ಊರು ಕರೆಯುವುದು ಚಿತ್ತಾರಗಿತ್ತಿ ಎಂದು.

ಒಬ್ಬ ಚಿತ್ರಕಾರನ ಬಗ್ಗೆ ಬರೆಯುವಾಗ ನಾವು ಅವನ ಬಾಲ್ಯ, ಗುರು, ಅವನ ಮೇಲಾದ ಪ್ರಭಾವ, ಬಣ್ಣ, ಕುಂಚ ಎಲ್ಲವನ್ನೂ ಕೇಳುತ್ತೇವೆ. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತದ್ದನ್ನು ಬಿಟ್ಟು ಅವರ ಚಿತ್ರಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಕೆ.ಕೆ. ಹೆಬ್ಬಾರರ ಗೆರೆಯ ಓಟಕ್ಕೆ ಕಟ್ಟಿಂಗೇರಿಯ ಬಾಲ್ಯ, ಯಕ್ಷಗಾನ, ಪ್ಯಾರಿಸ್ಸಿನ ಕಲಿಕೆ ಎಲ್ಲವೂ ಒದಗಿದವು ಎಂದು ವಿಮರ್ಶಕರು ಸಾಲುಸಾಲಾಗಿ ಬಿಡಿಸಿಟ್ಟಿದ್ದಾರೆ. ಚಿತ್ತಾರದ ಮಾತು ಬಂದಾಗ ಮಾತ್ರ ಈ ಪ್ರಶ್ನೆಗಳೆಲ್ಲ ಸುಮ್ಮನಾಗುತ್ತವೆ. ‘ಜನಪದ ಕಲೆ’, ‘ಪರಂಪರೆ’ ಎಂದು ಎರಡು ಪದ ಹೇಳಿ ಮುಂದೆ ಹೋಗುತ್ತೇವೆ. ಪರಂಪರೆ ತಾನಾಗಿ ಗೋಡೆಗೆ ಬಂದು ಗೆರೆ ಎಳೆಯುವುದಿಲ್ಲ. ಎಳೆದವಳೊಬ್ಬಳು ಇದ್ದಾಳೆ. ಅವಳು ಕಲಿತಿದ್ದಾಳೆ, ತಪ್ಪಿದ್ದಾಳೆ, ತಿದ್ದಿಕೊಂಡಿದ್ದಾಳೆ, ತನಗೆ ಬೇಕಾದ್ದನ್ನು ಆಯ್ದುಕೊಂಡಿದ್ದಾಳೆ. ಬೇರೆ ಚಿತ್ರಕಾರರಿಗೆ ಕೇಳುವ ಪ್ರಶ್ನೆಗಳನ್ನೇ ಅವಳಿಗೂ ಕೇಳಿದರೆ ಚಿತ್ತಾರ ನಮಗೆ ಬೇರೆಯದೇ ಆಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಬದುಕು. ದೀವರು ಮಲೆನಾಡಿನ ಒಕ್ಕಲು ಮಕ್ಕಳು. ಬಹುಕಾಲ ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡಿಕೊಂಡಿದ್ದವರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ನಡೆದ, ರಾಮಮನೋಹರ ಲೋಹಿಯಾ ಕೂಡ ಬಂದು ಸೇರಿದ ಗೇಣಿದಾರರ ಸತ್ಯಾಗ್ರಹದಲ್ಲಿ ಮುಂದೆ ನಿಂತವರು ಇವರೇ. ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ಎಸ್. ಬಂಗಾರಪ್ಪ ಸೊರಬ ತಾಲ್ಲೂಕಿನ ಕುಬಟೂರಿನ ದೀವರ ಮನೆಯವರು. ಈ ಸಮುದಾಯದ ರಾಜಕೀಯ ಚರಿತ್ರೆಯನ್ನು ಬೇಕಾದಷ್ಟು ಮಂದಿ ಬರೆದಿದ್ದಾರೆ. ಆ ಚರಿತ್ರೆ ನಡೆದ ಮನೆಗಳ ಒಳಗೋಡೆಯನ್ನು ನೋಡಿದವರು ಕಡಿಮೆ.

ಚಿತ್ತಾರಗಿತ್ತಿಗೆ ಚಿತ್ರ ಬರೆಯುವುದು ಕಸುಬಲ್ಲ. ನಾಟಿ, ಕಳೆ, ಕೊಯ್ಲು, ಒಕ್ಕಲು, ಕೊಟ್ಟಿಗೆ, ಒಲೆ ಎಲ್ಲ ಮುಗಿದ ಮೇಲೆ ಸಿಕ್ಕ ಹೊತ್ತಿನಲ್ಲಿ ಆಗುವ ಕೆಲಸ. ಹೆಣ್ಣುಮಗು ಇದನ್ನು ಪಾಠವಾಗಿ ಕಲಿಯುವುದಿಲ್ಲ. ಮೊದಲು ಅಕ್ಕಿ ನೆನೆಹಾಕುವುದು, ಒರಳಲ್ಲಿ ರುಬ್ಬುವುದು, ನಾರು ತಂದುಕೊಡುವುದು, ನೆರಳು ಬೀಳದ ಹಾಗೆ ದೀಪ ಹಿಡಿಯುವುದು. ಕೈಗಿಂತ ಮೊದಲು ಕಣ್ಣು ಪಳಗುತ್ತದೆ. ಆಮೇಲೆ ದೊಡ್ಡವರು ಎಳೆದ ಚೌಕಟ್ಟಿನೊಳಗೆ ಒಂದು ಮೂಲೆ ತುಂಬುವ ಅಪ್ಪಣೆ ಸಿಗುತ್ತದೆ, ಇಲ್ಲವೇ ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಸಣ್ಣ ಬುಟ್ಟಿ ಪಾಲಿಗೆ ಬರುತ್ತದೆ. ಮದುವೆಯಲ್ಲಿ ಗಂಡು ಹೆಣ್ಣು ಬೆನ್ನು ಕೊಟ್ಟು ಕೂರುವ ಹಸೆಗೋಡೆಯನ್ನು ಇಡಿಯಾಗಿ ಅವಳ ಕೈಗೆ ಕೊಡಬೇಕಾದರೆ ವರ್ಷಗಳು ಹೋಗಬೇಕು. ಎಲ್ಲರಿಗೂ ಅದು ಸಿಗುವುದೂ ಇಲ್ಲ. ಕೇರಿಯಲ್ಲಿ ಕೈ ಚೆನ್ನಾಗಿರುವ ಹೆಂಗಸರು ಕೆಲವರೇ ಇರುತ್ತಾರೆ. ಮದುವೆ ಗೊತ್ತಾದ ಮನೆಯವರು ಅವರನ್ನು ಹುಡುಕಿಕೊಂಡು ಬಂದು, ಎಲೆ ಅಡಿಕೆ ಕೊಟ್ಟು ಕರೆಯುತ್ತಾರೆ. ಈ ಕರೆಯಲ್ಲೇ ಒಂದು ವಿಮರ್ಶೆ ಇದೆ. ಊರಿಗೆ ಒಳ್ಳೆಯ ಗೆರೆ ಯಾವುದು, ಒರಟು ಗೆರೆ ಯಾವುದು ಎಂದು ಚೆನ್ನಾಗಿ ಗೊತ್ತು. ಕಲಾವಿದೆಯ ಹೆಸರು ಹೊರಗಿನವರ ಪುಸ್ತಕದಲ್ಲಿ ಇಲ್ಲದಿದ್ದರೇನು, ಊರೊಳಗೆ ‘ಇದು ಇಂಥವಳ ಕೈ’ ಎಂಬ ಗುರುತು ಇದ್ದೇ ಇದೆ.

ಇನ್ನು ಪ್ರಭಾವ. ಇಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮದುವೆ. ಹಸೆಯ ವಿಷಯವಾದ ಮದುವೆ ಒಂದು. ಚಿತ್ತಾರಗಿತ್ತಿಯದೇ ಮದುವೆ ಇನ್ನೊಂದು. ಶಿಕಾರಿಪುರದ ಕಡೆಯ ಹುಡುಗಿ ಸೊರಬದ ಹಳ್ಳಿಗೆ ಸೊಸೆಯಾಗಿ ಹೋದಾಗ ತವರಿನ ಗೆರೆಯೂ ಅವಳ ಜೊತೆ ಹೋಗುತ್ತದೆ. ಅಲ್ಲಿ ಅತ್ತೆಯದೊಂದು ಕ್ರಮ, ಓರಗಿತ್ತಿಯದೊಂದು ಕ್ರಮ. ತವರಿನಲ್ಲಿ ಎರಡೆಳೆಯಾಗಿದ್ದ ಅಂಚು ಇಲ್ಲಿ ಮೂರೆಳೆಯಾಗಿರಬಹುದು. ಅವಳು ಒಂದಿಷ್ಟು ಬಿಟ್ಟು, ಒಂದಿಷ್ಟು ಉಳಿಸಿಕೊಂಡು, ಒಂದಿಷ್ಟು ಕಲಿಯುತ್ತಾಳೆ. ನಗರದ ಚಿತ್ರಕಾರ ಪ್ಯಾರಿಸ್ಸಿಗೋ ಶಾಂತಿನಿಕೇತನಕ್ಕೋ ಹೋಗಿ ಬಂದು ಪಡೆಯುವುದನ್ನು ಇವಳು ಎತ್ತಿನ ಗಾಡಿಯ ದಿಬ್ಬಣದಲ್ಲಿ ಪಡೆದಳು. ಚಿತ್ತಾರದ ಭೂಪಟವನ್ನು ಯಾರಾದರೂ ಮುಂದೆ ಬರೆಯುವುದಾದರೆ ಅದು ತಾಲ್ಲೂಕಿನ ಗಡಿಗಳ ಭೂಪಟವಾಗಿರಬಾರದು, ಹೆಣ್ಣು ಕೊಟ್ಟು ತಂದ ದಾರಿಗಳ ಭೂಪಟವಾಗಿರಬೇಕು.

ಎರಡನೆಯ ಪ್ರಭಾವ ಹೆಣಿಗೆಯದು. ದೀವರ ಹೆಂಗಸರು ಭತ್ತದ ತೆನೆಯನ್ನು ಹೆಣೆದು ಬಾಗಿಲಿಗೆ ತೋರಣ ಕಟ್ಟುತ್ತಾರೆ, ಹುಲ್ಲು ಸುತ್ತಿ ಕೊಡಪಾನದ ಸಿಂಬೆ ಮಾಡುತ್ತಾರೆ. ಮನೆಯಲ್ಲಿರುವ ಬುಟ್ಟಿ, ಮೊರ, ಚಾಪೆ ಎಲ್ಲವೂ ಒಂದರ ಮೇಲೊಂದು ಹಾಯುವ ಎಳೆಗಳಿಂದಾದವು. ಚಿತ್ತಾರದ ಗೆರೆಗಳೂ ಹಾಗೆಯೇ ಜೊತೆಜೊತೆಯಾಗಿ ಓಡಿ, ಒಂದನ್ನೊಂದು ದಾಟಿ, ಮತ್ತೆ ಅಂಚಿಗೆ ಸೇರುತ್ತವೆ. ಜೋಗಿ ಜಡೆ ಎಂಬ ಮಾದರಿಯನ್ನು ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ನಿಲಿ, ಪಪ್ಪಲಿ, ಏಣಿ, ಬಾಸಿಂಗ, ತೇರು, ದಂಡಿಗೆ ಹೀಗೆ ಒಂದೊಂದಕ್ಕೂ ಹೆಸರಿದೆ. ಹೆಸರುಗಳು ಊರಿಂದೂರಿಗೆ ಸ್ವಲ್ಪ ಬದಲಾಗುವುದೂ ಉಂಟು. ದಂಡಿಗೆಯೊಳಗೆ ಕೂತ ಮದುಮಗ ಮದುಮಗಳು ತ್ರಿಕೋನ ಮತ್ತು ಕಡ್ಡಿಗೆರೆಗಳಲ್ಲಿ ಮೂಡುತ್ತಾರೆ. ಮುಖಕ್ಕೆ ಭಾವ ಬರೆಯುವ ಗೋಜಿಗೆ ಚಿತ್ತಾರಗಿತ್ತಿ ಹೋಗುವುದಿಲ್ಲ. ಗದ್ದೆ, ಸಸಿ, ತೆನೆ, ಹಕ್ಕಿ, ಭತ್ತ ತುಂಬುವ ಪಣತ, ಇವು ಅವಳ ಸುತ್ತಲಿನ ಲೋಕ. ಆದರೆ ಅವಳು ಲೋಕವನ್ನು ಕಂಡ ಹಾಗೆ ನಕಲು ಮಾಡುವುದಿಲ್ಲ, ಗೆರೆಯ ಲೆಕ್ಕಕ್ಕೆ ಇಳಿಸುತ್ತಾಳೆ. ಇಂಥ ಕಲೆಯನ್ನು ‘ಆದಿಮ’ ಎಂದು ಕರೆದು ಗುಹೆಗಳ ಚಿತ್ರಗಳ ಪಕ್ಕ ಇಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹಾಗೆ ಇಟ್ಟ ಕೂಡಲೇ ಅದನ್ನು ಬರೆದವಳು ನಮ್ಮ ಕಾಲದಿಂದ ಆಚೆಗೆ ಹೋಗಿಬಿಡುತ್ತಾಳೆ. ಅವಳು ರೇಷನ್ ಕಾರ್ಡು ಹೊಂದಿರುವ, ಮತ ಹಾಕುವ, ಮಗಳನ್ನು ಕಾಲೇಜಿಗೆ ಕಳಿಸಿರುವ ಹೆಂಗಸು.

ಮೂರನೆಯದು ಹಾಡು. ಚಿತ್ತಾರ ಬರೆಯುವಾಗ ಹಾಡುವುದುಂಟು. ಮದುವೆಯ ಒಂದೊಂದು ಶಾಸ್ತ್ರಕ್ಕೂ ಇರುವ ಹಾಗೆ ಹಸೆ ಬರೆಯುವುದಕ್ಕೂ ಹಾಡುಗಳಿವೆ. ಒಬ್ಬಳು ಹೇಳಿ ಉಳಿದವರು ತಿರುಗಿ ಹೇಳುವ ಆ ಓಟದಲ್ಲಿ ಉದ್ದನೆಯ ಗೆರೆಗೆ ಬೇಕಾದ ಸಮಾಧಾನ ಸಿಗುತ್ತದೆ. ಹಾಡನ್ನು ಜಾನಪದ ಸಂಗ್ರಾಹಕರು ಒಂದು ಕಡೆ ಬರೆದುಕೊಂಡರು, ಚಿತ್ರವನ್ನು ಕಲಾಸಕ್ತರು ಇನ್ನೊಂದು ಕಡೆ ಫೋಟೋ ತೆಗೆದರು. ಎರಡೂ ಒಂದೇ ಹೆಂಗಸಿನ ಒಂದೇ ಹೊತ್ತಿನ ಕೆಲಸ ಎಂಬುದು ದಾಖಲೆಯಲ್ಲಿ ಹರಿದುಹೋಯಿತು.

ಕೆಲಸದ ಕ್ರಮವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಅವಳ ವಿದ್ಯೆ ಇರುವುದು ಅಲ್ಲಿ. ಮೊದಲು ಗೋಡೆ. ಮಣ್ಣಿನ ಗೋಡೆಯನ್ನು ಸಾರಿಸಿ ನುಣುಪು ಮಾಡಿ, ಜರಡಿ ಹಿಡಿದ ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಬಳಿಯುತ್ತಾರೆ. ಮಲೆನಾಡಿನ ಕೆಂಪು ಮಣ್ಣು ಒಣಗಿದಾಗ ಬೆಳಕನ್ನು ಹೀರಿಕೊಳ್ಳುವ ಬಣ್ಣ. ಎಣ್ಣೆಯ ಹೊಳಪು ಅದಕ್ಕಿಲ್ಲ. ಕಿಟಕಿ ಕಡಿಮೆಯಿದ್ದ ಹಳೆಯ ನಡುಮನೆಯ ಅರೆಬೆಳಕಿನಲ್ಲಿ ಆ ಕೆಂಪಿನ ಮೇಲೆ ಅಕ್ಕಿಯ ಬಿಳಿ ಗೆರೆ ಎದ್ದು ಕಾಣುತ್ತದೆ. ಬಿಳಿ ಎಂದರೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿದ ಹಿಟ್ಟು. ಕಪ್ಪಿಗೂ ಅಕ್ಕಿಯೇ. ಅಕ್ಕಿಯನ್ನು ಪೂರ್ತಿ ಕರಕಾಗುವ ತನಕ ಹುರಿದು, ನೀರಲ್ಲಿ ನೆನೆಸಿ ಅರೆಯುತ್ತಾರೆ. ಹಳದಿಗೆ ಗುರಿಗೆ ಕಾಯಿ. ಹೀಗೆ ಬಿಳಿ, ಕಪ್ಪು, ಕೆಂಪು, ಹಳದಿ ಈ ನಾಲ್ಕೇ ಬಣ್ಣಗಳಲ್ಲಿ ಇಡೀ ಕಲೆ ನಿಂತಿದೆ. ನಾಲ್ಕರಲ್ಲಿ ಎರಡು ಬಂದಿರುವುದು ತಾನೇ ನೆಟ್ಟು ಕೊಯ್ದ ಭತ್ತದಿಂದ. ಗೇಣಿಯ ಕಾಲದಲ್ಲಿ ಬೆಳೆದದ್ದರಲ್ಲಿ ದೊಡ್ಡ ಪಾಲು ಒಡೆಯನ ಮನೆಗೆ ಹೋಗುತ್ತಿತ್ತು. ಉಳಿದ ಅಕ್ಕಿಯಲ್ಲಿ ಒಂದಿಷ್ಟನ್ನು ಗೋಡೆಗೆಂದು ಎತ್ತಿಡುತ್ತಿದ್ದ ಹೆಂಗಸಿಗೆ ಆ ಗೆರೆ ಎಷ್ಟು ಬೆಲೆಯದ್ದಾಗಿತ್ತು ಎಂದು ನಾವು ಯೋಚಿಸಬೇಕು.

ಕುಂಚ ಪುಂಡಿ ನಾರಿನದು. ಪುಂಡಿಯ ದಂಟನ್ನು ನೀರಲ್ಲಿ ಕೊಳೆಹಾಕಿ ನಾರು ಬಿಡಿಸುತ್ತಾರೆ. ಹಗ್ಗ ಹೊಸೆಯುವುದೂ ಅದರಿಂದಲೇ. ಬೇಕಾದಷ್ಟು ಎಳೆ ತೆಗೆದು, ತುದಿಯನ್ನು ಸಮ ಮಾಡಿ ಹಿಡಿದರೆ ಕುಂಚವಾಯಿತು. ದಪ್ಪ ಅಂಚಿಗೆ ಹೆಚ್ಚು ಎಳೆ, ಒಳಗಿನ ಸಣ್ಣ ಕೆಲಸಕ್ಕೆ ಬೆರಳೆಣಿಕೆಯ ಎಳೆ. ಅಂಗಡಿಯ ಬ್ರಶ್ಶಿನ ಕೂದಲು ಬಣ್ಣವನ್ನು ಹೀರಿ ಹಿಡಿದುಕೊಂಡು ಮೆಲ್ಲಗೆ ಬಿಡುತ್ತದೆ. ನಾರಿನ ಎಳೆಗೆ ಆ ಗುಣ ಕಡಿಮೆ. ಅದ್ದಿ ತೆಗೆದ ಹಿಟ್ಟು ಮುಗಿಯುವುದರೊಳಗೆ ಗೆರೆ ಒಂದು ನೆಲೆಗೆ ಮುಟ್ಟಬೇಕು, ಮತ್ತೆ ಅದ್ದಿ ಅದೇ ಜಾಗದಿಂದ ಕಡಿದಂತೆ ಕಾಣದ ಹಾಗೆ ಮುಂದುವರಿಸಬೇಕು. ಪಳಗಿದ ಕೈಯ ಗೆರೆಯನ್ನು ಹತ್ತಿರದಿಂದ ನೋಡಿದರೆ ಈ ಕೂಡುವ ಜಾಗಗಳು ಕಾಣುತ್ತವೆ. ಒಂದಿಷ್ಟು ದಪ್ಪವಾಗಿ, ಮತ್ತೆ ತೆಳುವಾಗುತ್ತಾ ಹೋಗುವ ಉಸಿರಿನ ಗುರುತು ಅದು. ಹಿಟ್ಟು ನೀರಾದರೆ ಇಳಿಯುತ್ತದೆ, ಗಟ್ಟಿಯಾದರೆ ಒಣಗಿ ಉದುರುತ್ತದೆ. ಎಷ್ಟು ನೀರು ಎಂಬುದಕ್ಕೆ ಅಳತೆಯಿಲ್ಲ, ಬೆರಳಿಗೆ ಗೊತ್ತು. ಒದ್ದೆಯಿದ್ದಾಗ ಅಕ್ಕಿಹಿಟ್ಟಿನ ಗೆರೆ ಮಂಕಾಗಿರುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಅಂದರೆ ಬರೆಯುವಾಗ ಅವಳು ತಾನು ಬರೆಯುತ್ತಿರುವುದನ್ನು ಪೂರ್ತಿ ಕಾಣುವುದಿಲ್ಲ. ಒಣಗಿದ ಮೇಲೆ ಹೇಗೆ ಕಂಡೀತೆಂದು ಮೊದಲೇ ಮನಸ್ಸಿನಲ್ಲಿ ಕಂಡುಕೊಂಡು ಕೈ ಆಡಿಸುತ್ತಾಳೆ.

ಹಸೆಗೋಡೆಯಲ್ಲಿ ಮೊದಲು ಹೊರಚೌಕಟ್ಟು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ನಡುವಿಗೆ ಬರುವ ಹೊತ್ತಿಗೆ ಉಳಿದಿರುವ ಜಾಗ ನಾಲ್ಕೂ ಕಡೆ ಸಮವಾಗಿರಬೇಕು. ಮೂಲೆಯಲ್ಲಿ ಗೆರೆಗಳು ಕೂಡುವ ಕಡೆ ಲೆಕ್ಕ ತಪ್ಪಿದರೆ ಮುಚ್ಚಿಡಲು ಬರುವುದಿಲ್ಲ. ಕಾಗದದ ಮೇಲೆ ಪೆನ್ಸಿಲ್ಲಿನಿಂದ ಕರಡು ಹಾಕಿಕೊಳ್ಳುವ ನಮಗೆ ಇದು ಎಷ್ಟು ಕಷ್ಟವೆಂದು ಪ್ರಯತ್ನಿಸಿದರೇ ತಿಳಿಯುತ್ತದೆ. ನಡುವೆ ಮದುಮಕ್ಕಳು. ಆ ಗೋಡೆಗೆ ಬೆನ್ನು ಕೊಟ್ಟು ಹಸೆಯ ಮೇಲೆ ಕೂರುವ ಗಂಡು ಹೆಣ್ಣುಗಳ ಮದುವೆ ಅಲ್ಲಿ ಎರಡು ಸಲ ನಡೆಯುತ್ತದೆ, ಒಮ್ಮೆ ಗೋಡೆಯಲ್ಲಿ, ಒಮ್ಮೆ ಗೋಡೆಯ ಮುಂದೆ.

ಇದೇ ತಾಲ್ಲೂಕುಗಳ ಇನ್ನೊಂದು ಕಲೆಯ ಮಾತನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸೊರಬ, ಸಾಗರಗಳ ಗುಡಿಗಾರರ ಗಂಧದ ಕೆತ್ತನೆ ಎಲ್ಲರಿಗೂ ಗೊತ್ತು. ಅದು ಕಸುಬು, ಕುಲದ ವಿದ್ಯೆ, ಪೇಟೆಯ ಬೇಡಿಕೆ ಇದ್ದದ್ದು. ಗಂಡಸರು ಮನೆಯ ಮುಂದಿನ ಕೆಲಸದ ಜಾಗದಲ್ಲಿ ಕೂತು ಮಾಡಿದ್ದು. ಹಾಗಾಗಿ ಅದಕ್ಕೆ ಶಿಲ್ಪಿಗಳ ಹೆಸರು, ಸರ್ಕಾರದ ತರಬೇತಿ, ಪ್ರಶಸ್ತಿ ಎಲ್ಲವೂ ಬಂದವು. ಚಿತ್ತಾರ ಮಾರಾಟವಾಗುವ ವಸ್ತುವಲ್ಲದ್ದರಿಂದ ಯಾರ ಲೆಕ್ಕಪುಸ್ತಕಕ್ಕೂ ಬರಲಿಲ್ಲ. ಹೆಸರು ಉಳಿಯದಿರುವುದಕ್ಕೆ ಹೆಂಗಸರ ವಿನಯ ಕಾರಣವೆಂದು ಹೇಳುವುದು ಚಂದ ಕೇಳಿಸಬಹುದು. ನಿಜವಾದ ಕಾರಣ, ಹೆಸರು ಬರೆದಿಡುವ ವ್ಯವಸ್ಥೆಗಳು ಮನೆಯೊಳಗೆ ಬರದಿದ್ದದ್ದು.

ಈಗ ಮನೆಯೊಳಗಿನ ಆ ಮಣ್ಣಿನ ಗೋಡೆಯೂ ಹೋಗಿದೆ. ಹೋದದ್ದು ಹೇಗೆ? 1974ರ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಯಾರೇ ಆದರೂ ಮೊದಲು ಮಾಡುವುದು ಮನೆ ಸರಿಮಾಡಿಕೊಳ್ಳುವುದನ್ನು. ಮಣ್ಣಿನ ಗೋಡೆ ಹೋಗಿ ಇಟ್ಟಿಗೆ ಸಿಮೆಂಟಿನ ಗೋಡೆ ಬಂತು, ಕೆಮ್ಮಣ್ಣಿನ ಜಾಗಕ್ಕೆ ಡಿಸ್ಟೆಂಪರ್ ಬಂತು. ಅಕ್ಕಿಹಿಟ್ಟು ಅದರ ಮೇಲೆ ನಿಲ್ಲುವುದಿಲ್ಲ, ಹೊಳಪಿನ ಗೋಡೆಯ ಮೇಲೆ ಕೆಮ್ಮಣ್ಣು ಹಚ್ಚುವುದಕ್ಕೆ ಮನೆಯವರಿಗೇ ಮನಸ್ಸಾಗುವುದಿಲ್ಲ. ಮದುವೆ ಮನೆಯಂಗಳದಿಂದ ಕಲ್ಯಾಣಮಂಟಪಕ್ಕೆ ಹೋಯಿತು. ಅರ್ಧ ದಿನಕ್ಕೆ ಬಾಡಿಗೆ ಹಿಡಿದ ಮಂಟಪದ ಗೋಡೆಗೆ ಹಸೆ ಬರೆಯುವುದು ಆಗದ ಮಾತು. ಇದರಲ್ಲಿ ನಾನು ಯಾರನ್ನೂ ದೂರಲಾರೆ. ಮಳೆಗೆ ಕುಸಿಯುವ ಮಣ್ಣಿನ ಮನೆಯಲ್ಲೇ ಇರಿ, ನಮಗೆ ನೋಡಲು ಚಿತ್ತಾರ ಬೇಕು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕಾಗೋಡಿನಲ್ಲಿ ಅವರು ಹೋರಾಡಿದ್ದು ಇಂಥ ಬದುಕಿಗಾಗಿಯೇ. ಆದರೆ ಗೆದ್ದ ಬದುಕಿನಲ್ಲಿ ಚಿತ್ತಾರಗಿತ್ತಿಗೆ ಜಾಗ ಎಲ್ಲಿ ಎಂಬ ಪ್ರಶ್ನೆಯನ್ನು ಕೇಳಲೇಬೇಕು.

ಒಂದು ಉತ್ತರ ಕಾಗದ ಮತ್ತು ಬಟ್ಟೆ. ಸಾಗರದ ಹತ್ತಿರದ ಸಿರಿವಂತೆಯಲ್ಲಿ ಚಂದ್ರಶೇಖರ ಅವರು ಹೆಂಡತಿಯ ಜೊತೆ ‘ಚಿತ್ರಸಿರಿ’ ಕಟ್ಟಿ ಚಿತ್ತಾರವನ್ನು ಬರೆದು ಕಲಿಸುತ್ತಾ ಬಂದಿದ್ದಾರೆ. ರಾಧಾ ಸುಳ್ಳೂರು, ಈಶ್ವರ ನಾಯ್ಕ ಹಸುವಂತೆ ಮೊದಲಾದವರು ಅದನ್ನು ನಗರಗಳ ಪ್ರದರ್ಶನಗಳಿಗೆ ಒಯ್ದಿದ್ದಾರೆ. ಬೆಂಗಳೂರಿನ ಗೀತಾ ಭಟ್ ಹಳ್ಳಿಗಳಲ್ಲಿ ಓಡಾಡಿ, ದೀವರ ಚಿತ್ತಾರವನ್ನು ಅವರ ಬದುಕಿನ ಜೊತೆಗಿಟ್ಟು ದಾಖಲಿಸಿ, ಸಂಗಡಿಗರೊಂದಿಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಇವರ ಕೆಲಸವಿಲ್ಲದಿದ್ದರೆ ಈ ಬರಹಕ್ಕೂ ಆಧಾರ ಕಡಿಮೆಯಿರುತ್ತಿತ್ತು.

ಕಾಗದಕ್ಕೆ ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ದೇಶದ ಬೇರೆ ಕಡೆಯ ಅನುಭವ ನಮ್ಮ ಮುಂದಿದೆ. ಬಿಹಾರದ ಮಿಥಿಲೆಯ ಗೋಡೆ ಚಿತ್ರಗಳನ್ನು 1934ರ ಭೂಕಂಪದ ನಂತರ ಬಿರುಕು ಬಿಟ್ಟ ಮನೆಗಳಲ್ಲಿ ಬ್ರಿಟಿಷ್ ಅಧಿಕಾರಿ ಆರ್ಚರ್ ಕಂಡ. 1966-67ರ ಬರಗಾಲದಲ್ಲಿ ಹೆಂಗಸರಿಗೆ ಸಂಪಾದನೆಯಾಗಲೆಂದು ಕರಕುಶಲ ಮಂಡಳಿ ಕಾಗದ ಕೊಟ್ಟಿತು. ಅಲ್ಲಿಂದ ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿ ಎಂಬ ಹೆಸರುಗಳು ಹೊರಗೆ ಬಂದವು, ಮೂವರಿಗೂ ಪದ್ಮಶ್ರೀ ಬಂತು. ಗಂಗಾ ದೇವಿ ತನ್ನ ಕಾಯಿಲೆಯನ್ನೂ ಆಸ್ಪತ್ರೆಯನ್ನೂ ಅದೇ ಗೆರೆಗಳಲ್ಲಿ ಬರೆದಳು. ಮಧ್ಯಪ್ರದೇಶದ ಜನಗಢ ಸಿಂಗ್ ಶ್ಯಾಮನನ್ನು 1980ರ ದಶಕದಲ್ಲಿ ಚಿತ್ರಕಾರ ಸ್ವಾಮಿನಾಥನ್ ಭೋಪಾಲದ ಭಾರತ ಭವನಕ್ಕೆ ಕರೆತಂದರು. ಅವನ ಶೈಲಿಗೆ ಅವನದೇ ಹೆಸರು ಬಂತು. ಮಹಾರಾಷ್ಟ್ರದ ವಾರ್ಲಿ ನಮ್ಮ ಚಿತ್ತಾರಕ್ಕೆ ಎಲ್ಲಕ್ಕಿಂತ ಹತ್ತಿರದ್ದು, ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಮದುವೆಯ ಸಂದರ್ಭ. ಅಲ್ಲಿ ಮುತ್ತೈದೆಯರ ಕೆಲಸವಾಗಿದ್ದದ್ದು ಕಾಗದಕ್ಕೆ ಬಂದಾಗ ಲೋಕಪ್ರಸಿದ್ಧನಾದವನು ಜಿವ್ಯಾ ಸೋಮಾ ಮಾಶೆ ಎಂಬ ಗಂಡಸು. ಅವನ ಪ್ರತಿಭೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಿಗೆ ಮುಂಚೆ ಬರೆದ ಹೆಂಗಸರ ಹೆಸರು ಯಾರಿಗೂ ಗೊತ್ತಿಲ್ಲ.

ಮೂರೂ ಕಡೆಯ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಅನಿಸುವುದು ಇದು. ಕಾಗದ ಕಲೆಯನ್ನು ಕೆಡಿಸುತ್ತದೆ ಎಂಬ ಭಯ ಅರ್ಧ ಮಾತ್ರ ನಿಜ. ಗೋಡೆಯ ಮೇಲಿದ್ದಾಗ ಮದುವೆಯ ಹೊರಗಿನ ಯಾವುದನ್ನೂ ಬರೆಯುವ ಅವಕಾಶವಿಲ್ಲದ ಹೆಂಗಸಿಗೆ ಕಾಗದ ತನ್ನ ಕಥೆ ಬರೆಯುವ ಅವಕಾಶ ಕೊಡಬಲ್ಲದು. ನಮ್ಮಲ್ಲಿ ಅದು ಇನ್ನೂ ಸರಿಯಾಗಿ ಆಗಿಲ್ಲ. ಚಿತ್ತಾರ ಕಾಗದಕ್ಕೆ ಬಂದಿದೆ, ಅದರೊಳಗೆ ಇನ್ನೂ ಅದೇ ತೇರು, ಅದೇ ದಂಡಿಗೆ. ಗಂಗಾ ದೇವಿಯ ಹಾಗೆ ತನ್ನ ಬದುಕನ್ನು ನಿಲಿಯ ಗೆರೆಗಳೊಳಗೆ ತರುವ ಚಿತ್ತಾರಗಿತ್ತಿಗಾಗಿ ನಾನು ಕಾಯುತ್ತಿದ್ದೇನೆ. ಕಾಗದದ ಜೊತೆಗೆ ಬಂದ ಅಕ್ರಿಲಿಕ್ ಬಣ್ಣದ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ಬಿಳಿ ಸುಣ್ಣದಂತೆ ಚಪ್ಪಟೆ, ಗೆರೆಯ ಉಸಿರನ್ನು ಅದು ಅಳಿಸಿಹಾಕುತ್ತದೆ.

ಇನ್ನೊಂದು ಉತ್ತರ ಹಳ್ಳಿಯಲ್ಲೇ ಇದೆ, ಅದರ ಬಗ್ಗೆ ನಗರದವರು ಕಡಿಮೆ ಮಾತಾಡುತ್ತಾರೆ. ಗೋಡೆ ಹೋದರೂ ಬುಟ್ಟಿ ಉಳಿದಿದೆ. ಮಹಾನವಮಿ ಕಳೆದು ಸೀಗೆ ಹುಣ್ಣಿಮೆ, ಅಂದರೆ ಭೂಮಿ ಹುಣ್ಣಿಮೆ, ಬರುವುದರೊಳಗೆ ಬಿದಿರಿನ ಬುಟ್ಟಿಗಳನ್ನು ಅಟ್ಟದಿಂದ ಇಳಿಸಿ, ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಸುತ್ತಲೂ ಚಿತ್ತಾರ ಬರೆಯುತ್ತಾರೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಅಡಿಗೆ. ಕಡುಬು, ಬೆರಕೆ ಸೊಪ್ಪಿನ ಪಲ್ಯ, ಹಾಗಲ, ಅಮಟೆ. ಗದ್ದೆಯ ಪೈರು ಆಗ ಹೊಡೆ ತುಂಬಿ ನಿಂತಿರುತ್ತದೆ, ಭೂಮಿ ಬಸುರಿ ಎಂದು ಬಯಕೆಯ ಊಟ ಬಡಿಸುವ ಹಬ್ಬ ಅದು. ಬುಟ್ಟಿಯನ್ನು ತಲೆಯ ಮೇಲಿಟ್ಟು ಗದ್ದೆಗೆ ಒಯ್ಯಲೇಬೇಕು. ಬರಿಯ ಬುಟ್ಟಿಯನ್ನು ಒಯ್ಯುವುದಕ್ಕೆ ಆಗುವುದಿಲ್ಲ. ಸಿಮೆಂಟಿನ ಮನೆಯವರಿಗೂ ಗದ್ದೆ ಇದೆ, ಗದ್ದೆ ಇರುವ ತನಕ ಹುಣ್ಣಿಮೆ ಇದೆ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಮನೆಯ ಹೆಂಗಸರು ನಾರು ಹಿಡಿಯುತ್ತಾರೆ. ಬುಟ್ಟಿಯ ಮೇಲೆ ಬರೆಯುವುದು ಗೋಡೆಗಿಂತ ಕಷ್ಟ. ಮೈ ಬಾಗಿದೆ, ಹೆಣಿಗೆಯ ಉಬ್ಬುತಗ್ಗು ಕೈಗೆ ತಗಲುತ್ತದೆ, ಗೆರೆ ಸುತ್ತು ಹಾಕಿ ಹೊರಟಲ್ಲಿಗೇ ಬಂದು ಕೂಡಬೇಕು. ಹುಡುಗಿಯರು ಈಗ ಕಲಿಯುತ್ತಿರುವುದು ಈ ಬುಟ್ಟಿಯ ಮೇಲೆಯೇ. ಕೆಲವು ಮನೆಗಳಲ್ಲಿ ಪೇಂಟಿನ ಡಬ್ಬಿಯೂ ಬಂದಿದೆ, ಮುಂದಿನ ವರ್ಷ ಮತ್ತೆ ಬರೆಯುವ ತಾಪತ್ರಯ ಬೇಡವೆಂದು. ಪೇಂಟು ಬಳಿದ ಮನೆಯಲ್ಲಿ ಮಗಳಿಗೆ ಆ ವರ್ಷದ ಪಾಠ ತಪ್ಪುತ್ತದೆ. ಪ್ರತಿ ವರ್ಷ ಅಳಿಸಿಹೋಗುವುದರಿಂದಲೇ ಈ ಕಲೆ ಕೈಯಿಂದ ಕೈಗೆ ದಾಟಿದೆ ಎಂಬುದನ್ನು ಸಂರಕ್ಷಣೆಯ ಯೋಜನೆ ಹಾಕುವವರು ಮೊದಲು ತಿಳಿಯಬೇಕು.

ಬುಟ್ಟಿಯ ಫೋಟೋಗಳು ಹುಣ್ಣಿಮೆಯ ಮರುದಿನ ಪತ್ರಿಕೆಗಳಲ್ಲಿ, ಫೋನುಗಳಲ್ಲಿ ತುಂಬಾ ಬರುತ್ತವೆ. ಅವುಗಳ ಕೆಳಗೆ ‘ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಸಂಭ್ರಮ’ ಎಂದಿರುತ್ತದೆ, ಬರೆದವಳ ಹೆಸರು ಇರುವುದಿಲ್ಲ. ಶಿಕಾರಿಪುರ, ಸೊರಬಗಳ ಶಾಲೆ ಕಾಲೇಜುಗಳ ಮೇಷ್ಟ್ರುಗಳು ಮನಸ್ಸು ಮಾಡಿದರೆ ಒಂದು ಕೆಲಸ ಆಗುತ್ತದೆ. ಮಕ್ಕಳು ತಮ್ಮ ಅಜ್ಜಿಯರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಬರೆದುಕೊಳ್ಳಲಿ: ತವರು ಯಾವುದು, ಯಾರ ಪಕ್ಕ ಕೂತು ಕಲಿತದ್ದು, ಮೊದಲ ಹಸೆ ಯಾರ ಮದುವೆಗೆ ಬರೆದದ್ದು, ಗಂಡನ ಊರಿಗೆ ಬಂದ ಮೇಲೆ ಯಾವ ಗೆರೆ ಬಿಟ್ಟು ಯಾವುದನ್ನು ಹಿಡಿದದ್ದು, ಬರೆಯುವಾಗ ಹಾಡಿದ್ದು ಏನು, ಕೊನೆಯ ಹಸೆಗೋಡೆ ಯಾವ ಮನೆಯದು, ಈಗ ನಾರು ಎಲ್ಲಿಂದ ತರುತ್ತಾರೆ. ಮೊದಲ ಸಾಲಿನಲ್ಲಿ ಅವರ ಹೆಸರು ಇರಲಿ.